ಹಿತ್ತಲ ಮೀನುಹೊಂಡದ ಫಿಲ್ಟರ್: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಆಯ್ಕೆಗಳು

ಹಿತ್ತಲಲ್ಲಿ ಇಪ್ಪತ್ತು ಸಾವಿರದಿಂದ ಒಂದು ಲಕ್ಷ ಲೀಟರ್‌ವರೆಗೆ ನೀರು ಹಿಡಿಯುವ ಹೊಂಡ ತೋಡಿ ಮೀನು ಸಾಕುವವರಿಗೆ ಮೊದಲ ದೊಡ್ಡ ಗೊಂದಲ ಫಿಲ್ಟರಿನದು. ಗಾಜಿನ ತೊಟ್ಟಿಗೆ ಸಾಲುವ ಸ್ಪಾಂಜು ಇಲ್ಲಿ ಸಾಲದು. ನೀರು ತಾನಾಗಿ ತಿಳಿಯಾಗಲಿ ಎಂದು ಬಿಟ್ಟುಬಿಡಲು ಇದು ಕೆರೆಯೂ ಅಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಇಂಥ ಹೊಂಡಕ್ಕೆ ಸುಡುಬಿಸಿಲು, ಗಡಸು ನೀರು, ಹೇಳದೆ ಹೋಗುವ ಕರೆಂಟು ಈ ಮೂರರ ಪರೀಕ್ಷೆಯೂ ಇದೆ. ಆದ್ದರಿಂದ ಅಂಗಡಿಯ ಡಬ್ಬದ ಮೇಲೆ ಅಚ್ಚಾಗಿರುವ ‘ಇಷ್ಟು ಲೀಟರ್ ಹೊಂಡಕ್ಕೆ’ ಎಂಬ ಲೆಕ್ಕ ಈ ಸೀಮೆಯಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ದಿನಕ್ಕೆ ಎಷ್ಟು ಮೇವು ನೀರಿಗೆ ಬೀಳುತ್ತದೆ, ಮೇ ತಿಂಗಳ ರಾತ್ರಿ ವಿದ್ಯುತ್ ಹೋದರೆ ವ್ಯವಸ್ಥೆ ಎಷ್ಟು ತಾಸು ತಡೆದುಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳೇ ಆಯ್ಕೆಯನ್ನು ನಿರ್ಧರಿಸುತ್ತವೆ.

ಮೀನಿಗೆ ಮೇವು ಹಾಕಿ, ನೋಡಿ ಸಂತೋಷಪಡುವ ರೂಢಿ ಈ ಭಾಗಕ್ಕೆ ಹೊಸದಲ್ಲ. ಆಳಂದಕ್ಕೆ ಸಮೀಪದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಮೊದಲರ್ಧದ ಸಂಸ್ಕೃತ ಗ್ರಂಥ. ಮೀನಿನ ಬಗೆಗಳನ್ನೂ ಅವುಗಳಿಗೆ ಒಡ್ಡುವ ಆಹಾರವನ್ನೂ ಗಾಳದ ಕ್ರಮವನ್ನೂ ವಿವರಿಸುವ ‘ಮತ್ಸ್ಯವಿನೋದ’ ಎಂಬ ಭಾಗ ಅದರಲ್ಲಿದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಆ ಭಾಗವನ್ನು ಮೀನುಶಾಸ್ತ್ರದ ಕಣ್ಣಿನಿಂದ ಪರಿಶೀಲಿಸಿ ಪ್ರಕಟಿಸಿದರು. ಈ ಕಾಲದ ಕಥೆ ಕೃಷಿ ಹೊಂಡಗಳಿಂದ ಶುರುವಾಗುತ್ತದೆ. ರಾಜ್ಯ ಸರ್ಕಾರದ ‘ಕೃಷಿ ಭಾಗ್ಯ’ ಯೋಜನೆ 2014ರಿಂದ ಮಳೆಯಾಶ್ರಿತ ತಾಲೂಕುಗಳಲ್ಲಿ ಪಾಲಿಥೀನ್ ಹಾಸಿದ ಹೊಂಡಗಳನ್ನು ಹರಡಿತು. ನೀರು ನಿಂತ ಕಡೆ ಗೆಂಡೆ ಮೀನಿನ ಮರಿ ಬಿಡುವ ಆಸೆ ಸಹಜವಾಗಿಯೇ ಹುಟ್ಟಿತು. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೀರನ್ನು ಸೋಸಿ ಮತ್ತೆ ಬಳಸುವ ಹಿತ್ತಲ ಕಿರುಘಟಕಕ್ಕೆ 50 ಸಾವಿರ ರೂಪಾಯಿ ವೆಚ್ಚ ನಿಗದಿ ಮಾಡಿ, ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60 ಸಹಾಯಧನ ಇಟ್ಟಿತು. ಫಿಲ್ಟರ್ ಎಂಬುದು ಪಟ್ಟಣದ ಶೋಕಿಯಷ್ಟೇ ಆಗಿ ಉಳಿಯಲಿಲ್ಲ.

ಫಿಲ್ಟರ್ ಮಾಡುವ ಕೆಲಸ ಎರಡು ಬಗೆಯದು. ಕಣ್ಣಿಗೆ ಕಾಣುವ ಹಿಕ್ಕೆ, ಉಳಿದ ಮೇವು, ಕೊಳೆತ ಎಲೆಗಳನ್ನು ತೆಗೆಯುವುದು ಮೊದಲನೆಯದು. ಕಾಣದ ವಿಷವನ್ನು ತೆಗೆಯುವುದು ಎರಡನೆಯದು, ಮತ್ತು ಹೆಚ್ಚು ಮಹತ್ವದ್ದು. ತಿಂದ ಸಸಾರಜನಕದ ಬಹುಪಾಲನ್ನು ಮೀನು ಕಿವಿರಿನ ಮೂಲಕ ಅಮೋನಿಯಾ ಆಗಿ ಹೊರಬಿಡುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ಮೀನಿಗೆ ಮಾರಕ. ಮೂರನೆಯದು ಬಹುಮಟ್ಟಿಗೆ ನಿರುಪದ್ರವಿ, ಗಿಡಕ್ಕಂತೂ ಗೊಬ್ಬರ. ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಇವು ನೀರಿನಲ್ಲಿ ತೇಲುವುದಕ್ಕಿಂತ ಗಟ್ಟಿ ಮೇಲ್ಮೈಗೆ ಅಂಟಿಕೊಂಡು ಬಾಳುವುದು ಹೆಚ್ಚು. ಕಡಿ, ಚಾಪೆ, ಪ್ಲಾಸ್ಟಿಕ್ ಉಂಗುರ ಏನೇ ತುಂಬಿದರೂ ಅವು ಈ ಜೀವಿಗಳಿಗೆ ಮನೆ ಮಾತ್ರ.

ಸ್ಥಳೀಯ ನೀರಿನ ಗುಣ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆಳಂದ, ಅಫಜಲಪುರಗಳ ಅಡಿಯಲ್ಲಿ ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯಿದೆ. ಜೇವರ್ಗಿಯ ಕಡೆ ಹೋದಂತೆ ಭೀಮಾ ಪ್ರದೇಶದ ಸುಣ್ಣಕಲ್ಲು ಕಾಣಿಸುತ್ತದೆ; ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಅದೇ ಶಿಲಾಸಮೂಹದ್ದು. ಹೀಗಾಗಿ ಬಾವಿ, ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಕಡೆಗೆ ವಾಲಿದ್ದು. ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು 4.6 ಗ್ರಾಂ ಆಮ್ಲಜನಕ ಬೇಕು, ಜೊತೆಗೆ ಸುಮಾರು 7 ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರಗುಣ ಖರ್ಚಾಗುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ಈ ಕ್ಷಾರ ಬೇಗ ತೀರಿ ಫಿಲ್ಟರ್ ನಿಂತುಹೋಗಬಹುದು. ಭೀಮಾ ತೀರದಲ್ಲಿ ಆ ಚಿಂತೆ ಕಡಿಮೆ.

ಕೆಟ್ಟದ್ದು ಇನ್ನೊಂದು ಬದಿಯಲ್ಲಿದೆ. ನೀರಿನಲ್ಲಿರುವ ಅಮೋನಿಯಾದ ಎಷ್ಟು ಪಾಲು ವಿಷರೂಪದಲ್ಲಿರುತ್ತದೆ ಎಂಬುದನ್ನು ಪಿಎಚ್ ಮತ್ತು ಬಿಸಿ ಎರಡೂ ಸೇರಿ ತೀರ್ಮಾನಿಸುತ್ತವೆ. 30 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಆ ಪಾಲು ಶೇ. 1ಕ್ಕಿಂತ ಕಡಿಮೆ, ಪಿಎಚ್ 8ಕ್ಕೆ ಸುಮಾರು ಶೇ. 7.5, ಪಿಎಚ್ 8.5ಕ್ಕೆ ಶೇ. 20. ಪಾಚಿಗಟ್ಟಿದ ಹೊಂಡದಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಿಎಚ್ ಇನ್ನೂ ಮೇಲೇರುತ್ತದೆ. ಮಂಗಳೂರಿನಲ್ಲಿ ತೊಂದರೆ ಕೊಡದ ಅಮೋನಿಯಾ ಪ್ರಮಾಣ ಅಫಜಲಪುರದ ಏಪ್ರಿಲ್ ಮಧ್ಯಾಹ್ನದಲ್ಲಿ ಮೀನಿನ ಕಿವಿರು ಸುಡಬಲ್ಲದು. ಇಲ್ಲಿ ಫಿಲ್ಟರನ್ನು ಒಂದು ಅಳತೆ ದೊಡ್ಡದಾಗಿಯೇ ಕಟ್ಟಬೇಕು ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಎಷ್ಟು ದೊಡ್ಡದು? ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಹೊಂಡವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು 60 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಒಟ್ಟು 60 ಕಿಲೋ ತೂಕದ ಮೀನುಗಳಿದ್ದು, ದಿನಕ್ಕೆ ಮೈತೂಕದ ಶೇ. 2ರಷ್ಟು ಮೇವು ಹಾಕಿದರೆ 1.2 ಕಿಲೋ ಮೇವಾಯಿತು. ಸಾಮಾನ್ಯ ಗುಳಿಗೆ ಮೇವಿನ ಪ್ರತಿ ಕಿಲೋಗೆ ಸುಮಾರು 30 ಗ್ರಾಂ ಅಮೋನಿಯಾ ಸಾರಜನಕ ಬರುತ್ತದೆ, ಅಂದರೆ ದಿನಕ್ಕೆ 36 ಗ್ರಾಂ. ಒಂದು ಚದರ ಮೀಟರ್ ಮೇಲ್ಮೈಯ ಬ್ಯಾಕ್ಟೀರಿಯಾ ದಿನಕ್ಕೆ 0.2 ಗ್ರಾಂ ಅರಗಿಸುತ್ತದೆಂದು ಎಚ್ಚರಿಕೆಯಿಂದ ಹಿಡಿದರೆ 180 ಚದರ ಮೀಟರ್ ಮೇಲ್ಮೈ ಬೇಕು. ಸಣ್ಣ ಪ್ಲಾಸ್ಟಿಕ್ ಚಕ್ರಗಳನ್ನು ಬಳಸುವುದಾದರೆ ಅದು ಸುಮಾರು 360 ಲೀಟರ್ ತುಂಬುವಿಕೆ, ಎರಡು ಡ್ರಮ್ಮಿನ ಲೆಕ್ಕ. ಇಪ್ಪತ್ತು ಮಿಲಿಮೀಟರಿನ ಕಡಿಯಾದರೆ ಒಂದೂಕಾಲು ಘನ ಮೀಟರ್. ಕೆಸರು ಕಟ್ಟಿಕೊಳ್ಳುವುದನ್ನು ಎಣಿಸಿ ಎರಡೂವರೆ ಘನ ಮೀಟರ್ ಇಡುವುದು ವಿವೇಕ. ಇದೇ ಹೊಂಡದಲ್ಲಿ ಇಪ್ಪತ್ತು ಕಿಲೋ ಮೀನು ಮಾತ್ರ ಇದ್ದರೆ ಇದರ ಮೂರನೇ ಒಂದು ಪಾಲು ಸಾಕು. ಹೊಂಡ ಅದೇ, ನೀರು ಅದೇ, ಬದಲಾದದ್ದು ಮೇವಷ್ಟೇ. ಮನೆಗೆ ಬಂದ ನೆಂಟರು, ಮಕ್ಕಳು ಪ್ರೀತಿಯಿಂದ ಎರಚುವ ಚುರುಮುರಿ, ರೊಟ್ಟಿ ಚೂರುಗಳೂ ಈ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ಹೊಂಡದ ಯಜಮಾನರು ಮರೆಯುವುದು ಬಹಳ.

ಘನ ಕೊಳೆಯನ್ನು ಬ್ಯಾಕ್ಟೀರಿಯಾದ ಮನೆಗೆ ಹೋಗುವ ಮೊದಲೇ ತಡೆಯುವುದು ಎಲ್ಲ ಒಳ್ಳೆಯ ವ್ಯವಸ್ಥೆಗಳಿಗೂ ಸಮಾನವಾದ ನಿಯಮ. ತಡೆಯದಿದ್ದರೆ ಕಡಿಯ ಸಂದುಗಳು ಕೆಸರಿನಿಂದ ಮುಚ್ಚಿ, ಅಲ್ಲಿ ಆಮ್ಲಜನಕವಿಲ್ಲದ ಕೊಳೆತ ಶುರುವಾಗುತ್ತದೆ. ಅಗ್ಗದ ಉಪಾಯ ತಿಳಿಗುಂಡಿ. ನೀರು ನಿಧಾನವಾಗಿ ಹಾಯುವ ಒಂದು ತೊಟ್ಟಿಯಲ್ಲಿ ಭಾರದ ಕಣಗಳು ತಾವೇ ತಳ ಸೇರುತ್ತವೆ. ನೆರೆಯ ವಿಜಯಪುರದಲ್ಲಿ ಆದಿಲಶಾಹಿ ಕಾಲದ ಇಂಜಿನಿಯರುಗಳು ಕೊಳವೆ ದಾರಿಯುದ್ದಕ್ಕೂ ಕಟ್ಟಿದ ಗಂಜ್ ಎಂಬ ಗೋಪುರಗಳು ನೀರಿನ ಒತ್ತಡ ತಗ್ಗಿಸುವುದರ ಜೊತೆಗೆ ಹೂಳು ತಂಗಲು ಎಡೆ ಮಾಡುತ್ತಿದ್ದದ್ದು ಇದೇ ತತ್ವದ ಮೇಲೆ. ಹಿತ್ತಲಿಗೆ ಐನೂರು ಅಥವಾ ಸಾವಿರ ಲೀಟರಿನ, ತಳ ಇಳಿಜಾರಾಗಿರುವ ಪ್ಲಾಸ್ಟಿಕ್ ಟ್ಯಾಂಕ್ ಸಾಕು. ನೀರನ್ನು ನಡುವಿನ ಅಗಲ ಕೊಳವೆಯೊಳಗೆ ಮೇಲಿನಿಂದ ಬಿಟ್ಟು, ಅದು ಕೆಳಗಿಳಿದು ಅಂಚಿನ ಕಡೆ ನಿಧಾನ ಏರುವಂತೆ ಮಾಡಿದರೆ ಸುಮ್ಮನೆ ಸುತ್ತಿಸುವುದಕ್ಕಿಂತ ಹೆಚ್ಚು ಕೊಳೆ ತಳಕ್ಕಿಳಿಯುತ್ತದೆ. ತಳದ ವಾಲ್ವ್ ವಾರಕ್ಕೆರಡು ಸಲ ತೆರೆದರೆ ಕಪ್ಪು ಗೊಬ್ಬರದ ನೀರು ಹೊರಬೀಳುತ್ತದೆ.

ಇದಕ್ಕಿಂತ ಚುರುಕಾದ ಯಂತ್ರಗಳೂ ಇವೆ. ಬಾಗಿದ ಸ್ಟೀಲ್ ಜಾಲರಿಯ ಮೇಲೆ ನೀರು ಹರಿದು ಕೊಳೆ ಮೇಲೆ ಉಳಿಯುವ ಸೀವ್ ಒಂದು. ಅದಕ್ಕೆ ಕರೆಂಟು ಬೇಡ, ಆದರೆ ದಿನವೂ ತೊಳೆಯುವ ಕೈ ಬೇಕು. ತಿರುಗುವ ಡ್ರಮ್ ಫಿಲ್ಟರ್ 60ರಿಂದ 100 ಮೈಕ್ರಾನಿನ ಜಾಲರಿಯಿಂದ ಸೋಸಿ, ಕಟ್ಟಿಕೊಂಡಾಗ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಜಪಾನಿನ ಕೋಯಿ ಸಾಕುವವರಿಗೂ ಯುರೋಪಿನ ಮೀನು ಕಾರ್ಖಾನೆಗಳಿಗೂ ಅದು ಅಚ್ಚುಮೆಚ್ಚು. ಈ ಸೀಮೆಯಲ್ಲಿ ಅದರ ಶತ್ರು ನೀರಿನ ಸುಣ್ಣ. ಸಿಂಪಡಿಸುವ ಸಣ್ಣ ತೂತುಗಳೂ ಜಾಲರಿಯ ಕಣ್ಣುಗಳೂ ಬಿಳಿ ಪೊರೆ ಕಟ್ಟಿ ಮುಚ್ಚುತ್ತವೆ, ರಿಪೇರಿಗೆ ಬರುವವರು ಹತ್ತಿರದಲ್ಲಿರುವುದಿಲ್ಲ. ಈಜುಕೊಳದ ಮರಳು ಫಿಲ್ಟರನ್ನು ಮೀನುಹೊಂಡಕ್ಕೆ ಜೋಡಿಸುವುದು ಇನ್ನೊಂದು ಆಕರ್ಷಣೆ. ಕ್ಲೋರಿನ್ ಹಾಕಿದ ತಿಳಿ ನೀರಿಗೆಂದು ಮಾಡಿದ ಅದು ಮೀನಿನ ಹಿಕ್ಕೆಗೆ ಬೇಗ ಹೆಪ್ಪುಗಟ್ಟುತ್ತದೆ. ತಿರುಗುಮುರುಗಾಗಿ ತೊಳೆಯಲು ಚೆಲ್ಲುವ ನೀರು ಬರಗಾಲದ ತಾಲೂಕಿಗೆ ಭಾರ.

ಬ್ಯಾಕ್ಟೀರಿಯಾದ ಮನೆಗೆ ನಾಲ್ಕಾರು ಮಾದರಿಗಳಿವೆ. ನಾರ್ವೆಯಲ್ಲಿ 1980ರ ದಶಕದ ಕೊನೆಗೆ ಪ್ರಾಧ್ಯಾಪಕ ಹಾಲ್ವರ್ ಓಡೆಗಾರ್ಡ್ ಮತ್ತು ಸಂಗಡಿಗರು ಊರಿನ ಕೊಳಚೆ ನೀರಿಗಾಗಿ ರೂಪಿಸಿದ ಚಲಿಸುವ ಹಾಸು ಇವತ್ತು ಮೀನು ಸಾಕುವವರ ಮಧ್ಯೆ ಬಹು ಜನಪ್ರಿಯ. ಗಾಳಿಯ ಗುಳ್ಳೆಗಳಿಂದ ಪ್ಲಾಸ್ಟಿಕ್ ಚಕ್ರಗಳು ಸದಾ ಕುದಿಯುವಂತೆ ಹೊರಳುತ್ತಿರುತ್ತವೆ, ಒಂದನ್ನೊಂದು ಉಜ್ಜಿ ಸ್ವಚ್ಛವಾಗಿರುತ್ತವೆ. ಜಾಗ ಕಡಿಮೆ, ಸಾಮರ್ಥ್ಯ ಹೆಚ್ಚು. ಗಾಳಿ ನಿಂತರೆ ಮಾತ್ರ ಕೆಲಸವೂ ನಿಲ್ಲುತ್ತದೆ. ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ನೀರನ್ನು ಮೇಲಿನಿಂದ ಸುರಿಸುವ ಗೋಪುರ ಆಮ್ಲಜನಕವನ್ನು ಧಾರಾಳವಾಗಿ ಕೂಡಿಸುತ್ತದೆ, ಒಣ ಗಾಳಿಯಲ್ಲಿ ನೀರನ್ನು ತುಸು ತಂಪಾಗಿಸುತ್ತದೆ. ಆದರೆ ನೀರನ್ನು ಎರಡು ಮೀಟರ್ ಎತ್ತಬೇಕು, ಆವಿಯಾಗುವ ನೀರನ್ನು ತುಂಬಿಕೊಡುತ್ತಿರಬೇಕು.

ಈ ಮೂರು ತಾಲೂಕುಗಳ ದೊಡ್ಡ ಹಿತ್ತಲಿಗೆ ಹೆಚ್ಚು ಹೊಂದುವುದು ಗಿಡ ನೆಟ್ಟ ಕಡಿಯ ಹಾಸು. ಜರ್ಮನಿಯ ಸಸ್ಯವಿಜ್ಞಾನಿ ಕೇಟೆ ಜೈಡೆಲ್ 1950ರ ದಶಕದಲ್ಲಿ ಜೊಂಡಿನ ಬೇರುಗಳಿಂದ ಕೊಳಚೆ ತಿಳಿಯಾಗುವುದನ್ನು ಪ್ರಯೋಗ ಮಾಡಿ ತೋರಿಸಿದ ಮೇಲೆ ಜಗತ್ತಿನಾದ್ಯಂತ ಬೆಳೆದ ವಿಧಾನವಿದು. ಹೊಂಡದ ಮೇಲ್ಮೈಯ ಐದನೇ ಒಂದು ಪಾಲಿನಷ್ಟು ಜಾಗ, ಅಂದರೆ ಮೇಲಿನ ಉದಾಹರಣೆಗೆ ಎಂಟು ಚದರ ಮೀಟರ್, ನಲವತ್ತು ಸೆಂಟಿಮೀಟರ್ ಆಳ. ಅದು 3.2 ಘನ ಮೀಟರ್ ಕಡಿ ಹಿಡಿದು, ಲೆಕ್ಕ ಹಾಕಿದ ಎರಡೂವರೆಯನ್ನು ಆರಾಮವಾಗಿ ದಾಟುತ್ತದೆ. ತಳದಲ್ಲಿ ತೂತು ಕೊರೆದ ಪಿವಿಸಿ ಪೈಪುಗಳಿಂದ ನೀರು ಹೊಕ್ಕು ಮೇಲಕ್ಕೆ ಉಕ್ಕಿ, ಅಂಚಿನಿಂದ ಹೊಂಡಕ್ಕೆ ಜಾರಬೇಕು. ಒಂದು ಮೂಲೆಯಲ್ಲಿ ಆರಿಂಚಿನ ಪೈಪನ್ನು ನಿಲ್ಲಿಸಿಟ್ಟರೆ ಅದರೊಳಗೆ ಸಣ್ಣ ಪಂಪು ಇಳಿಬಿಟ್ಟು ತಳದ ಕೆಸರು ಹೀರಬಹುದು. ಕ್ರಷರಿನಿಂದ ತಂದ ಕರಿಕಲ್ಲಿನ ಕಡಿಯನ್ನು ಪುಡಿ ಹೋಗುವವರೆಗೆ ತೊಳೆಯಬೇಕು. ಗಿಡಗಳ ಪೈಕಿ ಕಾಬಾಳೆ, ಕೆಸು, ಲಾವಂಚ, ಜಂಬುಹುಲ್ಲು ಈ ಬಿಸಿಲಿಗೆ ಬಾಳುತ್ತವೆ. ಇವು ನೈಟ್ರೇಟ್ ಉಂಡು ಬೆಳೆಯುತ್ತವೆ. ಬೆಳೆದದ್ದನ್ನು ಕೊಯ್ದು ಹೊರಹಾಕಿದರಷ್ಟೇ ಆ ಗೊಬ್ಬರ ನೀರಿನಿಂದ ನಿಜವಾಗಿ ಹೊರಹೋದಂತೆ. ಅಂತರಗಂಗೆ ಎಂದು ಕರೆಯುವ ನೀಲಿ ಹೂವಿನ ತೇಲುಕಳೆ ಚೆಲುವಾಗಿದ್ದರೂ ಹಿತ್ತಲಿನಿಂದ ಅಮರ್ಜಾ, ಭೀಮಾ ನದಿಗಳಿಗೆ ಜಾರುವ ಅಪಾಯವಿರುವುದರಿಂದ ಅದನ್ನು ತರಲೇಬಾರದು.

ಪಂಪಿನ ಆಯ್ಕೆಯಲ್ಲಿ ಹಣ ಸೋರುವುದು ಹೆಚ್ಚು. ಮನೆಗಳಲ್ಲಿ ಸಿಗುವ ಅರ್ಧ ಹೆಚ್‌ಪಿ ಪಂಪನ್ನು ಮಾಳಿಗೆಯ ಟ್ಯಾಂಕಿಗೆ ನೀರೇರಿಸಲೆಂದು ಮಾಡಿರುತ್ತಾರೆ. ಹೊಂಡದ ನೀರನ್ನು ಒಂದೂವರೆ ಮೀಟರ್ ಎತ್ತಲು ಅದನ್ನು ಹಗಲೂ ರಾತ್ರಿ ಓಡಿಸಿದರೆ ಬಿಲ್ಲು ವ್ಯರ್ಥವಾಗಿ ಏರುತ್ತದೆ. ಎತ್ತರ ಕಡಿಮೆ, ಹರಿವು ಹೆಚ್ಚು ಇರುವ ಹೊಂಡದ ಪಂಪೇ ಬೇಕು. ಒತ್ತಾಗಿ ಮೀನು ಬಿಟ್ಟ ಹೊಂಡದ ನೀರೆಲ್ಲ ಎರಡು ತಾಸಿಗೊಮ್ಮೆ ಫಿಲ್ಟರ್ ಹಾಯಬೇಕೆಂಬುದು ರೂಢಿ. ಅರವತ್ತು ಸಾವಿರ ಲೀಟರಿಗೆ ಅದು ತಾಸಿಗೆ 30 ಸಾವಿರ ಲೀಟರ್, ಸುಮಾರು 300 ವ್ಯಾಟ್, ತಿಂಗಳಿಗೆ ಇನ್ನೂರು ಚಿಲ್ಲರೆ ಯೂನಿಟ್. ವಿರಳವಾಗಿ ಮೀನು ಬಿಟ್ಟು ನಾಲ್ಕು ತಾಸಿಗೊಮ್ಮೆ ತಿರುಗಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಎತ್ತುವ ಎತ್ತರವನ್ನು ಒಂದೂವರೆ ಮೀಟರಿನಿಂದ ಮುಕ್ಕಾಲಿಗೆ ಇಳಿಸಿದರೆ ಮತ್ತೆ ಅರ್ಧ. ಫಿಲ್ಟರ್ ತಂದ ಮೇಲೆ ಅಲ್ಲ, ಹೊಂಡ ತೋಡುವ ಮೊದಲೇ ಈ ಮಟ್ಟ ನೋಡಬೇಕು.

ಕರೆಂಟಿನ ಪ್ರಶ್ನೆಗೆ ಊರಮನೆಗೂ ಹೊಲಕ್ಕೂ ಉತ್ತರ ಬೇರೆ. ಕೃಷಿ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ತನ್ನು ದಿನಕ್ಕೆ ಏಳು ತಾಸು ಕೊಡುವುದು ರಾಜ್ಯದ ನೀತಿ. ಆ ಲೈನನ್ನೇ ನಂಬಿದ ಹೊಲದ ಹೊಂಡಕ್ಕೆ ಸದಾ ಹರಿವು ಬೇಕಾದ ಫಿಲ್ಟರ್ ಹೊಂದುವುದಿಲ್ಲ. ಊರೊಳಗೆ ಮನೆಗಳಿಗೆ ಸದಾ ವಿದ್ಯುತ್ ಕೊಡಲೆಂದಿರುವ ‘ನಿರಂತರ ಜ್ಯೋತಿ’ ಯೋಜನೆಯ ಲೈನ್ ಇದ್ದರೂ ಮುಂಗಾರಿನ ಗಾಳಿಮಳೆಗೆ ತಂತಿ ಕಡಿದಾಗ ಇಡೀ ರಾತ್ರಿ ಕತ್ತಲೆ. ಮುಚ್ಚಿದ ಡಬ್ಬಿಯ ಒತ್ತಡ ಫಿಲ್ಟರ್ ಇಂಥ ಹೊತ್ತಿನಲ್ಲಿ ಅತ್ಯಂತ ಅಪಾಯಕಾರಿ. ಹರಿವು ನಿಂತ ಕೆಲವೇ ತಾಸುಗಳಲ್ಲಿ ಒಳಗಿನ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ವಿದ್ಯುತ್ ಬಂದೊಡನೆ ಆ ಕೊಳೆತ ನೀರು ನೇರ ಮೀನಿನ ಮೇಲೆ ಹೋಗುತ್ತದೆ. ಅಂಥ ಡಬ್ಬಿ ಇದ್ದವರು ಪಂಪ್ ಮತ್ತೆ ಹಾಕುವ ಮುನ್ನ ಒಳಗಿನ ನೀರನ್ನು ಹೊರಗೆ ಚೆಲ್ಲಲೇಬೇಕು. ತೆರೆದ ಕಡಿಯ ಹಾಸು ಹೆಚ್ಚು ಹೊತ್ತು ತಾಳುತ್ತದೆ. ಜೊತೆಗೆ ಹೊಂಡವೇ ದೊಡ್ಡದಿದ್ದು ಮೀನು ಕಡಿಮೆಯಿದ್ದರೆ ರಾತ್ರಿ ದಾಟುತ್ತದೆ.

ಕರೆಂಟು ಹೋದ ರಾತ್ರಿ ಮೀನು ಮೊದಲು ಸಾಯುವುದು ಅಮೋನಿಯಾದಿಂದಲ್ಲ, ಉಸಿರು ಕಟ್ಟಿ. ಇಪ್ಪತ್ತು ಡಿಗ್ರಿಯ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 35 ಡಿಗ್ರಿಯ ನೀರು ಸುಮಾರು 6.9 ಮಾತ್ರ ಹಿಡಿಯುತ್ತದೆ. ಹಗಲು ಆಮ್ಲಜನಕ ಕೊಟ್ಟ ಪಾಚಿಯೇ ರಾತ್ರಿ ಅದನ್ನು ಹೀರುತ್ತದೆ. ಸೂರ್ಯ ಹುಟ್ಟುವ ಮುನ್ನದ ತಾಸು ಅತಿ ಕಠಿಣ. ಬಾಯಿ ಮೇಲೆತ್ತಿ ಗುಟುಕರಿಸುವ ಮೀನುಗಳು ಆಗಲೇ ಕಾಣುವುದು. ಆದ್ದರಿಂದ ಇನ್ವರ್ಟರಿಗೆ ಜೋಡಿಸಬೇಕಾದದ್ದು ನೀರಿನ ಪಂಪಲ್ಲ, ಗಾಳಿಯ ಪಂಪು. ಅರವತ್ತು ವ್ಯಾಟಿನ ಗಾಳಿ ಪಂಪನ್ನು ಮನೆಬಳಕೆಯ 150 ಆಂಪಿಯರ್-ತಾಸಿನ ಒಂದು ಬ್ಯಾಟರಿ ರಾತ್ರಿಯಿಡೀ ನಡೆಸಬಲ್ಲದು. ಇದೇ ಕಾರಣಕ್ಕೆ, ಸರ್ಕಾರಿ ಯೋಜನೆಗಳಿಂದ ಪರಿಚಿತವಾದ ಬಯೋಫ್ಲಾಕ್ ತೊಟ್ಟಿಗಳು ಇಲ್ಲಿ ಎಚ್ಚರ ಬೇಡುತ್ತವೆ. ಇಸ್ರೇಲಿನ ಯೋರಮ್ ಅವ್ನಿಮೆಲೆಕ್ ಮೊದಲಾದವರು ಬೆಳೆಸಿದ ಈ ಪದ್ಧತಿಯಲ್ಲಿ ಫಿಲ್ಟರೇ ಇಲ್ಲ. ಬೆಲ್ಲ, ಕಾಕಂಬಿ ಹಾಕಿ ನೀರಿನಲ್ಲೇ ಸೂಕ್ಷ್ಮಜೀವಿಗಳ ಗುಂಪು ಬೆಳೆಸುತ್ತಾರೆ. ಆ ಜೀವಿಗಳೂ ಮೀನೂ ಒಂದೇ ಆಮ್ಲಜನಕಕ್ಕೆ ಬಾಯಿ ಹಾಕುವುದರಿಂದ ಗಾಳಿ ನಿಂತ ತಾಸಿನೊಳಗೆ ಅನಾಹುತವಾಗಬಹುದು. ಜನರೇಟರ್ ಇಲ್ಲದ ಹಿತ್ತಲಿಗೆ ಅದು ಸಲ್ಲದು.

ನೆಲದ ಗುಣವೂ ಆಯ್ಕೆಯಲ್ಲಿ ಕೈಯಾಡಿಸುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಇಟ್ಟಿಗೆ–ಸಿಮೆಂಟಿನ ಫಿಲ್ಟರ್ ತೊಟ್ಟಿ ಒಂದೆರಡು ವರ್ಷದಲ್ಲಿ ಸೀಳುತ್ತದೆ. ಎರೆ ತೆಗೆದು ಗರಸು ತುಂಬಿ ಕಟ್ಟಬೇಕು, ಇಲ್ಲವೇ ಪ್ಲಾಸ್ಟಿಕ್ ಟ್ಯಾಂಕನ್ನು ನೆಲದ ಮೇಲಿಡಬೇಕು. ಹೊಂಡಕ್ಕೆ 500 ಮೈಕ್ರಾನಿನ ಹಾಳೆ, ಪೈಪಿನ ಕೂಡಿಕೆಗಳಲ್ಲಿ ಬಾಗುವ ಹೋಸು ಕ್ಷೇಮ. ಮಳೆಗೆ ಹೊಲದಿಂದ ಕೊಚ್ಚಿ ಬಂದ ಎರೆನೀರಿನ ಕಣಗಳು ಎಷ್ಟು ಸಣ್ಣವೆಂದರೆ ಯಾವ ತಿಳಿಗುಂಡಿಗೂ ಸಿಗುವುದಿಲ್ಲ. ತುರಟಿ ಅಂದರೆ ಪಟಿಕದಿಂದ ಅವನ್ನು ಗುಂಪುಗಟ್ಟಿಸಬಹುದು, ಬಕೆಟ್ಟಿನಲ್ಲಿ ಪರೀಕ್ಷಿಸಿ ನೋಡಿದ ಮೇಲೆ ಮಾತ್ರ. ಅದಕ್ಕಿಂತ ಹೊಂಡದ ಅಂಚನ್ನು ಸುತ್ತಲಿನ ನೆಲಕ್ಕಿಂತ ಒಂದಡಿ ಎತ್ತರಿಸುವುದು ಲೇಸು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ನಾಡಿನಲ್ಲಿ ಹೂ–ಕಾಯಿಯ ಕಾಲಕ್ಕೆ ಕಾಯಿಕೊರಕದ ಔಷಧ ಹೊಡೆಯದ ಹೊಲ ಅಪರೂಪ. ಅದರಲ್ಲಿ ಬಳಕೆಯಾಗುವ ಪೈರೆಥ್ರಾಯ್ಡ್ ಗುಂಪಿನ ವಿಷ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೂ ಪ್ರಾಣಾಂತಕ, ಯಾವ ಹಿತ್ತಲ ಫಿಲ್ಟರೂ ಅದನ್ನು ಸಮಯಕ್ಕೆ ಹಿಡಿಯಲಾರದು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ತೀರದ ಊರುಗಳಿಗೆ ನುಗ್ಗಿದಂಥ ಪ್ರವಾಹದಲ್ಲಿ ಅಂಚೂ ಉಳಿಯದು. ನದಿಯ ಬದಿಯವರು ಪರದೇಶದ ಜಾತಿಗಳನ್ನು ಸಾಕದಿರುವುದು ನದಿಯ ಮೀನುಗಳಿಗೆ ಮಾಡುವ ಉಪಕಾರ.

ಹಸಿರು ನೀರಿಗೆ ನೇರಳಾತೀತ ದೀಪ ಹಾಕುತ್ತಾರೆ. ಸಾವಿರ ಲೀಟರಿಗೆ ಎರಡು ವ್ಯಾಟಿನಷ್ಟು ದೀಪ ತೇಲುಪಾಚಿಯನ್ನು ಕೊಂದು ಗುಂಪುಗಟ್ಟಿಸುತ್ತದೆ, ಅಮೋನಿಯಾಕ್ಕೆ ಏನೂ ಮಾಡುವುದಿಲ್ಲ. ಗಡಸು ನೀರಿನ ಸುಣ್ಣ ಅದರ ಗಾಜಿನ ಕವಚವನ್ನು ಮಸುಕಾಗಿಸುವುದರಿಂದ ಆಗಾಗ ನಿಂಬೆರಸದಿಂದ ಒರೆಸಬೇಕು. ದೀಪವನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಅರ್ಧ ಹೊಂಡಕ್ಕೆ ಹಸಿರು ನೆರಳುಬಲೆ ಕಟ್ಟಿದರೆ ಪಾಚಿ, ಬಿಸಿ, ಆವಿ ಮೂರೂ ಒಟ್ಟಿಗೆ ತಗ್ಗುತ್ತವೆ, ಖರ್ಚೂ ಕಡಿಮೆ.

ಆವಿಯ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ನಲವತ್ತು ಚದರ ಮೀಟರಿನ ಹೊಂಡದಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಇಳಿದರೆ 400 ಲೀಟರ್ ಹೋಯಿತು. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಬೋರ್‌ವೆಲ್ ನೀರನ್ನೇ ತುಂಬುತ್ತ ಹೋದರೆ ಬೇಸಿಗೆ ಮುಗಿಯುವಷ್ಟರಲ್ಲಿ ಹೊಂಡದ ನೀರು ಇನ್ನಷ್ಟು ಗಡಸಾಗುತ್ತದೆ. ನೈಟ್ರೇಟ್ ಕೂಡ ಹಾಗೆಯೇ ಏರುತ್ತದೆ. ಮೇಲಿನ ಲೆಕ್ಕದ ಹೊಂಡದಲ್ಲಿ ಗಿಡ–ಪಾಚಿ ಏನನ್ನೂ ತಿನ್ನದಿದ್ದರೆ ತಿಂಗಳಿಗೆ ಲೀಟರಿಗೆ ಸುಮಾರು 80 ಮಿಲಿಗ್ರಾಂ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರನ್ನು ತೆಗೆದು ನಿಂಬೆ, ನುಗ್ಗೆ, ಬಾಳೆಯ ಬುಡಕ್ಕೆ ಹರಿಸುವುದು ಉತ್ತಮ. ಮಾಳಿಗೆಯ ಮಳೆನೀರು ಹಿಡಿದಿಟ್ಟು ತುಂಬಿದರೆ ಇನ್ನೂ ಉತ್ತಮ. ನಲ್ಲಿ ನೀರಾದರೆ ಅದರ ಕ್ಲೋರಿನ್ ಮೀನನ್ನೂ ಫಿಲ್ಟರಿನ ಜೀವಿಗಳನ್ನೂ ಕೊಲ್ಲುವುದರಿಂದ ಒಂದು ದಿನ ಬಿಸಿಲಿಗೆ ತೆರೆದಿಡಬೇಕು. ಕಡಿ, ಚಾಪೆಗಳನ್ನು ನಲ್ಲಿಯ ಕೆಳಗೆ ಹೊಳೆಯುವಂತೆ ತೊಳೆಯುವುದೂ ಅದೇ ತಪ್ಪು. ಹೊಂಡದ ನೀರಿನಲ್ಲೇ ಜಾಲಿಸಬೇಕು.

ಯಾವ ಮೀನು ಎಂಬುದರ ಮೇಲೂ ಫಿಲ್ಟರಿನ ಭಾರ ನಿಂತಿದೆ. ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಈ ಬಿಸಿಗೆ ಒಗ್ಗಿದವು. ಜಪಾನಿನ ತಂಪು ನೀಗಾಟಾ ಪ್ರಾಂತ್ಯದಲ್ಲಿ ಗೆಂಡೆಯಿಂದಲೇ ಬಣ್ಣ ಆಯ್ದು ಬೆಳೆಸಿದ ಕೋಯಿಗೆ 30 ಡಿಗ್ರಿ ಮೀರಿದ ನೀರು ಕಷ್ಟ. ಅದನ್ನು ಸಾಕುವುದಾದರೆ ಆಳ ಎರಡು ಮೀಟರ್, ನೆರಳು, ದುಪ್ಪಟ್ಟು ಗಾಳಿ ಬೇಕು. ಸಲಹೆಗೆ ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿರುವ ವಿಜಯಪುರ ಭೂತನಾಳದ ಮೀನುಗಾರಿಕೆ ಕೇಂದ್ರ ಇವೆ. ಗೆಂಡೆ ಮರಿಗಳು ಹೇರಳವಾಗಿ ಸಿಗುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ ಕಡಿ ತುಂಬಿ ಪಂಪ್ ಹಾಕುವ ಕೆಲಸ ಜೂನ್ ಮೊದಲ ವಾರಕ್ಕೇ ಮುಗಿದಿರಬೇಕು. ರೋಗವಿಲ್ಲದ ಹಳೆಯ ಹೊಂಡದ ಫಿಲ್ಟರಿನಿಂದ ಒಂದು ಬುಟ್ಟಿ ಕಡಿ ತಂದು ಬೆರೆಸಿದರೆ ಈ ಅವಧಿ ಕಡಿಮೆಯಾಗುತ್ತದೆ. ಮರಿಗಳನ್ನು ಒಮ್ಮೆಗೇ ಸುರಿಯದೆ ಮೂರು ಕಂತಿನಲ್ಲಿ, ಪ್ರತಿ ಕಂತಿಗೂ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ ಬಿಡುವುದು ಕ್ರಮ.